ಟೊಂಕದ ಪಂಚಾಯ್ತಿ

ಎದೆನೋವು ಅಂದರೆ ನಮ್ಮ ಕಡೆ ಮಂದಿ ಮಾತು ನಿಲ್ಲಿಸಿ ಗಾಡಿ ಹುಡುಕುತ್ತಾರೆ. ಟೊಂಕನೋವು ಅಂದರೆ ಗಾಡಿ ನಿಲ್ಲಿಸಿ ಮಾತಿಗೆ ಕೂಡುತ್ತಾರೆ. ಗದಗ-ಬೆಟಗೇರಿಯ ಯಾವ ಓಣಿಗಾದರೂ ಹೋಗಿ, ಕಟ್ಟೆಯ ಮೇಲೆ ಕೂತವರ ಮುಂದೆ ‘ಟೊಂಕ ಹಿಡದೈತ್ರಿ, ಕಾಲಿಗೂ ಇಳದೈತಿ’ ಎಂದು ಹೇಳಿ ನೋಡಿ. ಒಬ್ಬರು ಉಳುಕು ತೆಗೆಯುವವರ ಮನೆ ತೋರಿಸುತ್ತಾರೆ. ಇನ್ನೊಬ್ಬರು ಮರಳು ಕಾಸಿ ಗಂಟು ಕಟ್ಟಿ ಶಾಖ ಕೊಡಲು ಹೇಳುತ್ತಾರೆ. ಮುಂಡರಗಿ ಕಡೆಯವರಾದರೆ ಕಪ್ಪತಗುಡ್ಡದ ಬೇರಿನ ಹೆಸರು ಬರುತ್ತದೆ, ಗದಗಿನವರಾದರೆ ಡಿ.ಜಿ.ಎಂ. ಆಯುರ್ವೇದ ಕಾಲೇಜಿನ ಕಟಿಬಸ್ತಿ ಎಂಬ ಎಣ್ಣೆಯ ಚಿಕಿತ್ಸೆ. ಅಷ್ಟರಲ್ಲಿ ಯಾರೋ ಒಬ್ಬ ಅಜ್ಜಿ, ಕಾಲು ಮುಂದಾಗಿ ಹುಟ್ಟಿದ ಹುಡುಗನ ಕಡೆಯಿಂದ ಬೆನ್ನಿಗೆ ಒದೆಸಿಕೊಳ್ಳುವುದನ್ನೂ ನೆನಪಿಸುತ್ತಾಳೆ. ಶಾಖ, ಎಣ್ಣೆ, ಕೈಯ ಹದವಾದ ಒತ್ತಡ ಇವೆಲ್ಲ ನೊಂದ ಸ್ನಾಯುವಿಗೆ ಹಿತ ಕೊಡುತ್ತವೆ, ಅದರಲ್ಲಿ ನನಗೆ ಅನುಮಾನವಿಲ್ಲ. ಒದೆಸಿಕೊಳ್ಳುವುದನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಒಳಗೆ ನರ ಒತ್ತಿಕೊಂಡಿರುವ ಬೆನ್ನಿಗೆ ಎಂಟು ವರ್ಷದ ಹುಡುಗನ ಒದೆತವೂ ಹೆಚ್ಚೇ.

ಇಲ್ಲಿಯವರೆಗೆ ಕಟ್ಟೆ ಒಂದೇ ಮನಸ್ಸಿನಲ್ಲಿರುತ್ತದೆ. ‘ಡಾಕ್ಟರು ಆಪರೇಷನ್ ಅಂದಾರ’ ಎಂದ ಕೂಡಲೇ ಎರಡಾಗುತ್ತದೆ. ‘ಬೆನ್ನಿಗೆ ಕತ್ತರಿ ಹಾಕಿಸಿದಿ ಅಂದ್ರ ಕಾಲು ಹೊಕ್ಕಾವ ತಮ್ಮಾ, ಲಕ್ಷ್ಮೇಶ್ವರದಾಗ ನಮ್ಮ ಬೀಗರೊಬ್ಬರಿಗೆ ಹಂಗ ಆತು’ ಎಂಬುದು ಒಂದು ಕಡೆ. ‘ಏ, ನಮ್ಮ ಸಡ್ಡಕ ಮಾಡಿಸಿಕೊಂಡು ಮರುದಿನಾನ ನಡಕೋತ ಬಂದಾನ’ ಎಂಬುದು ಇನ್ನೊಂದು ಕಡೆ. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ. ಆದರೆ ಲಕ್ಷ್ಮೇಶ್ವರದ ಬೀಗರಿಗೆ ಆಗಿದ್ದು ಬೆನ್ನೆಲುಬಿನ ಕ್ಷಯವೋ, ಎದೆಮಟ್ಟದಲ್ಲಿ ಬೆಳೆದ ಗಡ್ಡೆಯೋ, ಗಿಡದಿಂದ ಬಿದ್ದು ಮುರಿದ ಮಣಿಯೋ ಎಂದು ಯಾರೂ ಕೇಳುವುದಿಲ್ಲ. ಕಟ್ಟೆಯ ಲೆಕ್ಕದಲ್ಲಿ ಅವೆಲ್ಲವೂ ‘ಬೆನ್ನಿನ ಆಪರೇಷನ್’. ಹೀಗೆ ಬೇರೆ ಬೇರೆ ರೋಗಗಳನ್ನು ಒಂದೇ ಚೀಲಕ್ಕೆ ತುಂಬಿದ್ದರಿಂದ ಎಷ್ಟು ಮಂದಿ ಬೇಡದ ಭಯದಲ್ಲಿ ವರ್ಷಗಟ್ಟಲೆ ನರಳಿದರೋ, ಎಷ್ಟು ಮಂದಿ ಬೇಡದ ಧೈರ್ಯದಲ್ಲಿ ಮೇಜು ಹತ್ತಿದರೋ!

ಆದ್ದರಿಂದ ಡಿಸ್ಕ್ ಎಂಬುದರ ಸಂಗತಿ ಒಂದಿಷ್ಟು ಮಾತಾಡಿಕೊಳ್ಳೋಣ. ಬೆನ್ನೆಲುಬಿನ ಎರಡು ಮಣಿಗಳ ನಡುವೆ ಒಂದೊಂದು ಮೆತ್ತೆ. ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ಮೆತ್ತನೆಯ ತಿರುಳು. ನಾಗರಪಂಚಮಿಯ ಕಡಬು ಕುದಿಯುವಾಗ ಅಂಚು ಬಿಟ್ಟು ಹೂರಣ ಹೊರಗೆ ಬರುತ್ತದಲ್ಲ, ಹಾಗೆ ನಾರು ಹರಿದು ತಿರುಳು ಹಿಂದಕ್ಕೆ ಬಂದು ಅಲ್ಲಿಂದ ಹಾಯುವ ನರದ ಬೇರನ್ನು ಒತ್ತುತ್ತದೆ. ಬರೀ ಒತ್ತುವುದಷ್ಟೇ ಅಲ್ಲ, ಅದರ ರಸಕ್ಕೆ ನರ ಕೆರಳಿ ಉರಿಯುತ್ತದೆ. ಈ ಹರಕು ಬಹುಪಾಲು ಸೊಂಟದ ಕೆಳಗಿನ ಎರಡು ಮೆತ್ತೆಗಳಲ್ಲೇ ಆಗುತ್ತದೆ. ವರದಿಯಲ್ಲಿ ಎಲ್4-ಎಲ್5, ಎಲ್5-ಎಸ್1 ಎಂದು ಬರೆದಿರುತ್ತಾರೆ. ನೋವು ಟೊಂಕದಲ್ಲಿ ಹುಟ್ಟಿದರೂ ಕುಂಡಿಯಿಂದ ತೊಡೆಯ ಹಿಂದೆ ಇಳಿದು, ಮೀನಖಂಡ ದಾಟಿ, ಹೆಬ್ಬೆರಳಿಗೋ ಕಿರುಬೆರಳಿಗೋ ಹೋಗಿ ಮುಟ್ಟುತ್ತದೆ. ಯಾವ ಬೆರಳಿಗೆ ಮುಟ್ಟಿತು ಎಂಬುದರಿಂದಲೇ ಯಾವ ನರ ಎಂದು ತಿಳಿದ ವೈದ್ಯರು ಊಹಿಸುತ್ತಾರೆ.

ಇಷ್ಟು ಹಳೆಯ ನೋವಿಗೆ ಈ ಕಾರಣ ಗೊತ್ತಾಗಿ ಇನ್ನೂ ನೂರು ವರ್ಷವಾಗಿಲ್ಲ ಎಂಬುದು ನನಗೆ ಯಾವಾಗಲೂ ಸೋಜಿಗದ ಸಂಗತಿ. ಬೋಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು 1934ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಅದಕ್ಕೂ ಮೊದಲು ನರ ಒತ್ತುವ ಆ ತುಣುಕನ್ನು ತೆಗೆದವರು ಅದನ್ನು ಗಡ್ಡೆ ಎಂದೇ ತಿಳಿಯುತ್ತಿದ್ದರು. ಇನ್ನೊಂದು ಸಂಗತಿ ಕಟ್ಟೆಗೆ ತಲುಪಲೇಬೇಕು. ಬೆನ್ನುಹುರಿ ಬೆನ್ನಿನ ಬುಡದ ತನಕ ಇಳಿದಿಲ್ಲ. ದೊಡ್ಡವರಲ್ಲಿ ಅದು ಸೊಂಟದ ಮೊದಲ ಅಥವಾ ಎರಡನೇ ಮಣಿಯ ಹತ್ತಿರ ಮುಗಿಯುತ್ತದೆ. ಕೆಳಗಿರುವುದು ನರದ ಬೇರುಗಳು. ಕೆಳಗಿನ ಎರಡು ಮೆತ್ತೆಗಳ ಆಪರೇಷನ್ ಆಗುವ ಜಾಗದಲ್ಲಿ ಬೆನ್ನುಹುರಿಯೇ ಇರುವುದಿಲ್ಲ. ನರಕ್ಕೆ ಪೆಟ್ಟಾಗುವ ಅಪಾಯ ಇಲ್ಲವೇ ಇಲ್ಲ ಎನ್ನಲಾಗದು. ಸೋಂಕು ತಗಲಬಹುದು, ನರದ ಹೊದಿಕೆ ಹರಿಯಬಹುದು, ನೂರಕ್ಕೆ ಐದರಿಂದ ಹತ್ತು ಮಂದಿಗೆ ಅದೇ ಜಾಗದಲ್ಲಿ ಮತ್ತೆ ತಿರುಳು ಹೊರಬರಬಹುದು. ಆದರೆ ‘ಎರಡೂ ಕಾಲು ಹೊಕ್ಕಾವ’ ಎಂಬ ಭಯಕ್ಕೂ ಈ ಆಪರೇಷನ್ನಿಗೂ ಇರುವ ನಂಟು ತೀರ ತೆಳ್ಳಗಿನದು.

ಯಾಕೆ ಹರಿಯುತ್ತದೆ ಈ ಮೆತ್ತೆ? ಬೆಟಗೇರಿಯಲ್ಲಿ ಈ ಪ್ರಶ್ನೆ ಕೇಳಬೇಕಾಗಿಯೇ ಇಲ್ಲ ಅನ್ನಿಸುತ್ತದೆ. ಕುಣಿಮಗ್ಗದಲ್ಲಿ ಕಾಲು ಕೆಳಗಿಳಿಸಿ, ಮುಂದಕ್ಕೆ ಬಾಗಿ, ಬೆಳಗಿನಿಂದ ದೀಪ ಹಚ್ಚುವ ತನಕ ಲಾಳಿ ಓಡಿಸುವವರ ಬೆನ್ನು ನೋಡಿದರೆ ಸಾಕು. ಸ್ವೀಡನ್ನಿನ ನಾಕೆಮ್‌ಸನ್ ಎಂಬ ವೈದ್ಯರು 1960ರ ದಶಕದಲ್ಲಿ ಬದುಕಿರುವ ಮನುಷ್ಯರ ಮೆತ್ತೆಯೊಳಗೆ ಸೂಜಿ ಇಳಿಸಿ ಒತ್ತಡ ಅಳೆದರು. ನಿಂತಾಗಿನದನ್ನು 100 ಎಂದು ಹಿಡಿದರೆ ಕೂತಾಗ 140, ಮುಂದೆ ಬಾಗಿ ಕೂತಾಗ 185. ನೇಕಾರ ದಿನವಿಡೀ ಕೂಡುವುದೇ ಹಾಗೆ. ಎರಿ ಹೊಲದಲ್ಲಿ ಬಿಳಿಜೋಳವನ್ನು ಬುಡಸಮೇತ ಕೀಳುವ ಹೆಣ್ಣುಮಕ್ಕಳನ್ನು ನೆನೆಸಿಕೊಳ್ಳಿ. ಮಣ್ಣು ಬಿರುಕು ಬಿಟ್ಟು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, ಬಗ್ಗಿದ ಟೊಂಕದಿಂದಲೇ ಜಗ್ಗಬೇಕು. ಗದಗಿನ ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ಚೀಲ, ಒಣಮೆಣಸಿನಕಾಯಿ ಚೀಲ ಹೊರುವ ಹಮಾಲರು, ಮುದ್ರಣಾಲಯಗಳಲ್ಲಿ ಕಾಗದದ ರೀಮು ಎತ್ತಿ ಇಳಿಸುವ ಹುಡುಗರು, ಶಿರಹಟ್ಟಿ ರಸ್ತೆಯ ತಗ್ಗುಗಳಲ್ಲಿ ದಿನಾ ಟಂಟಂ ಓಡಿಸುವವರು... ಈ ಜಿಲ್ಲೆ ಟೊಂಕದ ಮೇಲೆಯೇ ನಿಂತಿದೆ.

ಆದರೂ ಫಿನ್ಲೆಂಡಿನಲ್ಲಿ ಅವಳಿ-ಜವಳಿಗಳ ಮೇಲೆ 1990ರ ದಶಕದಲ್ಲಿ ನಡೆದ ಅಧ್ಯಯನ ಬೇರೆ ಮಾತು ಹೇಳಿತು. ಒಬ್ಬ ಭಾರ ಹೊರುವವ, ಇನ್ನೊಬ್ಬ ಕುರ್ಚಿಯಲ್ಲಿ ಕೂಡುವವ. ಮೆತ್ತೆಗಳು ಮಾತ್ರ ಹೆಚ್ಚುಕಮ್ಮಿ ಒಂದೇ ಥರ ಸವೆದಿದ್ದವು. ಮೆತ್ತೆಯ ಗಟ್ಟಿತನದಲ್ಲಿ ಕೆಲಸಕ್ಕಿಂತ ವಂಶದ ಪಾಲೇ ದೊಡ್ಡದು ಎಂದು ತಿಳಿಯಿತು. ನನಗೆ ಇದನ್ನು ಒಪ್ಪಲು ಬಹಳ ಹೊತ್ತು ಹಿಡಿಯಿತು. ಒಪ್ಪಿದ ಮೇಲೆ ಹೊಳೆದದ್ದು ಏನೆಂದರೆ, ಮೆತ್ತೆ ಹರಿಯಲು ಕೆಲಸವೇ ಕಾರಣವೋ ಅಲ್ಲವೋ, ಹರಿದ ಮೇಲೆ ಎಷ್ಟು ದಿನ ಕಾಯಬಹುದು ಎಂಬುದನ್ನು ನಿರ್ಧರಿಸುವುದು ಮಾತ್ರ ಕೆಲಸವೇ. ಬ್ಯಾಂಕಿನ ಗುಮಾಸ್ತರಿಗೆ ರಜೆ ಇದೆ. ಹಮಾಲನಿಗೆ ಹೊತ್ತ ದಿನ ಕೂಲಿ, ಹೊರದ ದಿನ ಉಪವಾಸ.

ಕಾಯುವ ಮಾತಿಗೆ ಬರುವ ಮುನ್ನ ಎಂಆರ್‌ಐ. ಹುಬ್ಬಳ್ಳಿ ಬಸ್ಸಿನಲ್ಲಿ ಬಟ್ಟೆಚೀಲದಿಂದ ಇಣುಕುವ ದೊಡ್ಡ ಲಕೋಟೆಯನ್ನು ಎಷ್ಟು ಸಲ ನೋಡಿಲ್ಲ! ‘ಮೂರು ಕಡೆ ಗ್ಯಾಪ್ ಬಂದೈತ್ರಿ, ಎಲುಬು ಸವದೈತಂತ, ನರ ಒತ್ತೈತಂತ.’ ಮಗಳ ಮದುವೆಯ ಸಂಬಂಧ ಮುರಿದ ಸುದ್ದಿಯನ್ನೂ ಅಷ್ಟು ಕುಗ್ಗಿ ಹೇಳುವುದಿಲ್ಲ. ಅವರಿಗೆ ಒಂದು ಸಂಗತಿ ಹೇಳಬೇಕು. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮೆತ್ತೆ ಉಬ್ಬಿತ್ತು. ನೂರಕ್ಕೆ 27 ಮಂದಿಗೆ ಅದು ಇನ್ನಷ್ಟು ಹೊರಗೆ ಚಾಚಿತ್ತು. ಯಾರಿಗೂ ನೋವಿರಲಿಲ್ಲ! ವಯಸ್ಸಿಗೆ ಕೂದಲು ನೆರೆಯುವುದು ಎಷ್ಟು ಸಹಜವೋ ಮೆತ್ತೆ ಸವೆಯುವುದೂ ಅಷ್ಟೇ ಸಹಜ. ಚಿತ್ರದಲ್ಲಿ ಕಂಡ ಉಬ್ಬು ನೋವಿರುವ ಕಾಲಿಗೆ, ನೋವಿರುವ ಬೆರಳಿಗೆ ತಾಳೆಯಾದರೆ ಮಾತ್ರ ಅದಕ್ಕೆ ಬೆಲೆ. ಆ ತಾಳೆ ನೋಡುವುದಕ್ಕೆ ಯಂತ್ರ ಬೇಡ. ಅಂಗಾತ ಮಲಗಿಸಿ, ಮೊಣಕಾಲು ಮಡಚದೆ ಕಾಲು ಎತ್ತಿಸಿ ನೋಡುತ್ತಾರೆ. 1881ರಿಂದ ಇರುವ ಪರೀಕ್ಷೆ ಇದು. ಹಿಮ್ಮಡಿಯ ಮೇಲೆ ನಡೆಸುತ್ತಾರೆ, ತುದಿಗಾಲಲ್ಲಿ ನಿಲ್ಲಿಸುತ್ತಾರೆ, ಹೆಬ್ಬೆರಳನ್ನು ಎತ್ತಿ ಹಿಡಿಯಲು ಹೇಳಿ ಅದನ್ನು ಒತ್ತುತ್ತಾರೆ. ಕಾಲನ್ನು ಮುಟ್ಟದೆ, ಬರೀ ಫಿಲ್ಮ್ ಬೆಳಕಿಗೆ ಹಿಡಿದು ‘ಆಪರೇಷನ್’ ಎಂದರೆ ಇನ್ನೊಬ್ಬ ವೈದ್ಯರನ್ನು ಕಾಣುವುದು ಒಳ್ಳೆಯದು ಎಂದೇ ನನ್ನ ನಂಬಿಕೆ.

ಈಗ ಕಾಯುವುದು. ಹೊರಬಿದ್ದ ಹೂರಣವನ್ನು ದೇಹ ತಾನೇ ತಿಂದು ಕರಗಿಸುತ್ತದೆ ಎಂಬುದು ಕೇಳಿದವರಿಗೆ ನಂಬಿಕೆ ಬರದ ಮಾತು. ಅದರಲ್ಲೂ ಸ್ವಲ್ಪ ಉಬ್ಬಿದ್ದಕ್ಕಿಂತ ಪೂರಾ ಒಡೆದು ಹೊರಗೆ ಬಿದ್ದ ತುಣುಕೇ ಹೆಚ್ಚಾಗಿ ಕರಗುತ್ತದೆ. ಅದು ರಕ್ತದ ಕೈಗೆ ಸಿಕ್ಕಿರುತ್ತದೆ. ಹಾಗಾಗಿ ‘ಭಾಳ ದೊಡ್ಡದೈತಿ’ ಎಂಬುದೊಂದೇ ಆಪರೇಷನ್ನಿಗೆ ಕಾರಣವಾಗಲಾರದು. ಕಾಯುವುದು ಎಂದರೆ ಹಾಸಿಗೆ ಹಿಡಿಯುವುದೂ ಅಲ್ಲ. ನಮ್ಮಲ್ಲಿ ಹಲಗೆಯ ಮೇಲೆ ತಿಂಗಳುಗಟ್ಟಲೆ ಮಲಗಿಸಿಬಿಡುವ ರೂಢಿ ಇನ್ನೂ ಉಳಿದಿದೆ. ನೆದರ್ಲೆಂಡ್ಸಿನಲ್ಲಿ 1999ರಲ್ಲಿ 183 ಮಂದಿಯ ಮೇಲೆ ಪರೀಕ್ಷಿಸಿ ನೋಡಿದಾಗ, ಎರಡು ವಾರ ಹಾಸಿಗೆಯಲ್ಲಿದ್ದವರಿಗೂ ಮನೆಯಲ್ಲಿ ಓಡಾಡಿಕೊಂಡಿದ್ದವರಿಗೂ ಗುಣದಲ್ಲಿ ಏನೂ ಫರಕು ಬರಲಿಲ್ಲ. ತಡೆಯುವಷ್ಟು ನಡೆದಾಡಬೇಕು.

ಅದೇ ದೇಶದಲ್ಲಿ 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವನ್ನು ಗದಗ ಜಿಲ್ಲೆಯ ಪ್ರತಿ ಕಟ್ಟೆಯ ಮೇಲೂ ಒಮ್ಮೆ ಓದಿ ಹೇಳಬೇಕು ಎಂದು ನನ್ನ ಆಸೆ. ಆರರಿಂದ ಹನ್ನೆರಡು ವಾರ ಕಾಲುನೋವಿನಿಂದ ಕಂಗೆಟ್ಟ 283 ಮಂದಿ. ಅರ್ಧ ಜನರಿಗೆ ಬೇಗ ಆಪರೇಷನ್, ಅರ್ಧ ಜನರಿಗೆ ಕಾಯುವ ಚಿಕಿತ್ಸೆ. ತಡೆಯದಿದ್ದರೆ ಅವರಿಗೂ ಆಪರೇಷನ್. ಬೇಗ ಮಾಡಿಸಿಕೊಂಡವರಲ್ಲಿ ಅರ್ಧ ಮಂದಿ 4 ವಾರದಲ್ಲಿ ಚೇತರಿಸಿಕೊಂಡರು. ಕಾದವರಲ್ಲಿ ಅರ್ಧ ಮಂದಿ ಅಲ್ಲಿಗೆ ಬರಲು 12 ವಾರ ಹಿಡಿಯಿತು. ಕಾದವರಲ್ಲಿ ನೂರಕ್ಕೆ 39 ಮಂದಿ ವರ್ಷದೊಳಗೆ ಆಪರೇಷನ್ನಿಗೆ ಹೋದರು, ಉಳಿದವರು ಹೋಗಲಿಲ್ಲ. ವರ್ಷ ತುಂಬಿದಾಗ ಎರಡೂ ಗುಂಪಿನಲ್ಲಿ ನೂರಕ್ಕೆ 95 ಮಂದಿ ಗುಣವಾಗಿದ್ದರು.

ಇದನ್ನು ಬೆಟಗೇರಿಯ ನೇಕಾರ ಕಾಕಾ ಒಬ್ಬರ ಮುಂದೆ ಹೇಳಿದೆ. ಕೇಳಿ, ಒಂದು ಗಳಿಗೆ ಬಿಟ್ಟು, ‘ಹಂಗಾರ ಎಂಟು ವಾರದ ಮಾತು ಇದು. ಮಗ ಮಗ್ಗಕ್ಕ ಕೂಡ್ತಾನ. ನಾ ಕಾಯ್ತೀನಿ’ ಎಂದರು. ಕಾದರು. ನೋವು ಕಾಲಿನಿಂದ ಮೊದಲು ಮೊಣಕಾಲಿಗೆ, ಆಮೇಲೆ ಕುಂಡಿಗೆ ಹಿಂದೆ ಸರಿಯುತ್ತ ಬಂತು. ಅದೇ ಮಾತನ್ನು ಎಪಿಎಂಸಿಯ ಒಬ್ಬ ಹಮಾಲ ತಮ್ಮನಿಗೂ ಹೇಳಿದೆ. ಅವನೂ ಅದೇ ಎಂಟು ವಾರವನ್ನೇ ಹಿಡಿದ. ‘ಎಂಟು ವಾರ ಅಂದ್ರ ಉಳ್ಳಾಗಡ್ಡಿ ಹಂಗಾಮ ಪೂರಾ ಹೋತ್ರೀ ಅಣ್ಣಾರ. ಸೊಸೈಟಿ ಸಾಲ, ಹುಡುಗರ ಸಾಲಿ. ನಾ ಮಾಡಿಸ್ತೀನಿ’ ಎಂದ. ಒಂದೇ ಅಂಕಿಯಿಂದ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಇಬ್ಬರಿಗೂ ಅವರವರ ಲೆಕ್ಕ ಗೊತ್ತಿತ್ತು. ತೀರ್ಪು ಹೀಗೆ ಅವರವರದೇ ಆಗಿರಬೇಕು, ನನಗೆ ಬೇಕಾದದ್ದು ಇಷ್ಟೇ. ಆದರೆ ನಮ್ಮಲ್ಲಿ ಈ ತೀರ್ಪು ಕೊಡುವವರು ಮಾವ, ಅಳಿಯ, ಬೀಗರು, ಊರಗೌಡರು. ನೋವು ತಿನ್ನುವವನ ಅಭಿಪ್ರಾಯ ಕೊನೆಗೆ ಬರುತ್ತದೆ, ಬಂದರೆ.

ಅಧಿಕಾರ, ಹಣ, ದೇಶದ ದೊಡ್ಡ ಡಾಕ್ಟರುಗಳು ಎಲ್ಲ ಇದ್ದರೂ ಈ ತೀರ್ಮಾನ ಸಲೀಸಾಗುವುದಿಲ್ಲ. ಮುಂದೆ ಅಮೆರಿಕದ ಅಧ್ಯಕ್ಷರಾದ ಕೆನೆಡಿಯವರಿಗೆ 1944ರಲ್ಲಿ ಡಿಸ್ಕ್ ಆಪರೇಷನ್ ಆಯಿತು, ನೋವು ಹೋಗಲಿಲ್ಲ. 1954ರಲ್ಲಿ ಮಣಿಗಳನ್ನು ಬೆಸೆದು ಲೋಹದ ಪಟ್ಟಿ ಹಾಕಿದರು. ಸೋಂಕು ತಗಲಿ ಪಾದ್ರಿಯನ್ನು ಕರೆಸುವ ಸ್ಥಿತಿ ಬಂತು, ಮರುವರ್ಷ ಆ ಪಟ್ಟಿ ತೆಗೆಸಬೇಕಾಯಿತು. ಕೊನೆಗೆ ಶ್ವೇತಭವನದಲ್ಲಿ ಅವರಿಗೆ ಆಸರೆಯಾದದ್ದು ಹಾನ್ಸ್ ಕ್ರೌಸ್ ಎಂಬ ವೈದ್ಯರು ಮಾಡಿಸಿದ ವ್ಯಾಯಾಮ. ಈಗಿನ ಆಪರೇಷನ್ ಅಂದಿನದಲ್ಲ. ಸೂಕ್ಷ್ಮದರ್ಶಕದ ಕೆಳಗೆ ಚಿಕ್ಕ ಗಾಯದಲ್ಲಿ ಮುಗಿಯುತ್ತದೆ, ಬಹಳ ಮಂದಿ ಮರುದಿನ ನಡೆಯುತ್ತಾರೆ. ಒಂದು ಮಾತು ಮಾತ್ರ ಅಂದಿನಂತೆ ಇಂದಿಗೂ ನಿಜ. ಆಪರೇಷನ್ ಕಾಲಿನ ನೋವನ್ನು ಕಳೆದಷ್ಟು ಚೆನ್ನಾಗಿ ಟೊಂಕದ ನೋವನ್ನು ಕಳೆಯುವುದಿಲ್ಲ. ಕಾಲಿಗೆ ಇಳಿಯದ, ಬರೀ ಟೊಂಕದಲ್ಲೇ ನಿಂತ ನೋವಿಗೆ ಡಿಸ್ಕ್ ತೆಗೆಸಲು ಹೊರಟವರನ್ನು ಕಂಡರೆ ಕೈ ಹಿಡಿದು ಕೂಡಿಸಿಕೊಳ್ಳಬೇಕು ಅನ್ನಿಸುತ್ತದೆ.

ಇಷ್ಟು ಹೊತ್ತು ಕಾಯಬಹುದು, ಕಾಯಬಹುದು ಎಂದವನು ಈಗ ಕಾಯಲೇಬಾರದ ಸಂಗತಿ ಹೇಳಬೇಕು. ಇದನ್ನು ಮೆಲ್ಲಗೆ ಹೇಳಲಾರೆ. ಮೂತ್ರ ಕಟ್ಟಿಕೊಂಡರೆ, ಅಥವಾ ಗೊತ್ತಿಲ್ಲದೆ ಹೋಗುತ್ತಿದ್ದರೆ, ಮಲ ಹಿಡಿತದಲ್ಲಿಲ್ಲದಿದ್ದರೆ, ಕುದುರೆಯ ಮೇಲೆ ಕೂತರೆ ಜೀನು ತಾಗುವ ಜಾಗವೆಲ್ಲ ಜೋಮು ಹಿಡಿದರೆ, ಎರಡೂ ಕಾಲಿನ ಬಲ ಹೋಗುತ್ತಿದ್ದರೆ ಅದು ತುರ್ತು. ಬೆಳಗಾಗಲಿ ಎನ್ನುವ ಹಾಗಿಲ್ಲ. ನರಗಳ ಇಡೀ ಗೊಂಚಲು ಒತ್ತಿಕೊಂಡಿದೆ ಎಂದು ಅರ್ಥ, ಗಂಟೆಗಳ ಲೆಕ್ಕದಲ್ಲಿ ಹಾನಿ ಕಾಯಂ ಆಗುತ್ತದೆ. ಪಾದ ಎತ್ತಲಾಗದೆ ಚಪ್ಪಲಿ ನೆಲಕ್ಕೆ ಎಳೆಯುತ್ತಿದ್ದರೂ ತಡಮಾಡದೆ ಹೋಗಬೇಕು.

ಮುಂಡರಗಿ ಕಡೆಯ ಹಳ್ಳಿಯ ಒಬ್ಬ ಹೆಣ್ಣುಮಗಳು ಮೂತ್ರದ ಈ ತೊಂದರೆಯನ್ನು ಯಾರಿಗೂ ಹೇಳದೆ ಮೂರು ದಿನ ನುಂಗಿಕೊಂಡಳು. ಮನೆಯಲ್ಲಿ ಮಾವ, ಮೈದುನರು. ಊರ ದವಾಖಾನೆಯಲ್ಲಿ ಗಂಡಸು ಡಾಕ್ಟರು. ‘ಟೊಂಕನೋವಂತ ಹೇಳಾಕ ಬರ್ತಿತ್ತು, ಅದನ್ನ ಹೆಂಗ ಹೇಳಲ್ರಿ ಯಕ್ಕಾ’ ಎಂದು ಆಮೇಲೆ ನಮ್ಮ ಮನೆಯವರ ಮುಂದೆ ಅತ್ತಳು. ಹುಬ್ಬಳ್ಳಿಗೆ ಹೋಗಿ ಆಪರೇಷನ್ ಆಯಿತು, ಕಾಲಿಗೆ ಬಲ ಬಂತು. ಮೂತ್ರದ ಹಿಡಿತ ಪೂರ್ತಿ ಬಂದಿಲ್ಲ. ಎಂಆರ್‌ಐ ವರದಿಯನ್ನು ಊರೆಲ್ಲ ಓದಿತ್ತು, ಈ ಒಂದು ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅತ್ತೆ ಕೇಳಬಹುದಿತ್ತು. ಆಶಾ ಕಾರ್ಯಕರ್ತೆ ಕೇಳಬಹುದಿತ್ತು. ಟೊಂಕನೋವಿನ ಹೆಣ್ಣುಮಗಳು ಯಾರ ಮನೆಯಲ್ಲಿದ್ದರೂ ಇವತ್ತೇ ಒಳಗೆ ಕರೆದು ಕೇಳಿ: ‘ಯವ್ವಾ, ಒಂದಕ್ಕ ಸರಳ ಹೊಕ್ಕತಿಲ್ಲೋ?’

ದುಡ್ಡಿನ ಮಾತು ಬಿಡುವಂತಿಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘ ಏಷ್ಯಾದ ಮೊದಲ ಕೃಷಿ ಸಹಕಾರ ಸಂಘವೆಂದು ಹೆಸರಾಗಿದೆ. ಬಡ್ಡಿ ಸಾಹುಕಾರರ ಕೈಯಿಂದ ರೈತನನ್ನು ಬಿಡಿಸಲು ಹುಟ್ಟಿದ ಆ ವಿಚಾರದ ಮೊಮ್ಮಗನೆಂದೇ ನಾನು ಯಶಸ್ವಿನಿ ಯೋಜನೆಯನ್ನು ಎಣಿಸುತ್ತೇನೆ. ಸಹಕಾರ ಸಂಘದ ಸದಸ್ಯರಿಗೆ ಶಸ್ತ್ರಚಿಕಿತ್ಸೆಯ ಖರ್ಚು ಕೊಡಲೆಂದು 2003ರಲ್ಲಿ ಶುರುವಾಗಿ, 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಲೀನವಾಗಿ, 2023ರಲ್ಲಿ ಮತ್ತೆ ಜೀವ ಪಡೆಯಿತು. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಮಲ್ಲಸಮುದ್ರದ ಸರ್ಕಾರಿ ಜಿಮ್ಸ್ ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಅಲ್ಲಿ ಆಗದ್ದಕ್ಕೆ ಚೀಟಿ ಪಡೆದು ಹುಬ್ಬಳ್ಳಿಯ ಸರ್ಕಾರಿ ದೊಡ್ಡ ದವಾಖಾನೆಗೋ ಬೇರೆಡೆಗೋ ಹೋಗುವ ದಾರಿ ಇದೆ. ಹೊಲ ಒತ್ತೆಯಿಟ್ಟು ಬಂದವರನ್ನು ಕಂಡಾಗ, ಕಾರ್ಡು ಮನೆಯ ಟ್ರಂಕಿನಲ್ಲೇ ಇತ್ತು ಎಂದು ಗೊತ್ತಾದಾಗ, ಹೊಟ್ಟೆ ಉರಿಯುತ್ತದೆ.

ಯಾವಾಗ ಮಾಡಿಸುವುದು ಎಂಬುದೂ ಇಲ್ಲಿ ವೈದ್ಯರೊಬ್ಬರ ಕೈಯಲ್ಲಿಲ್ಲ. ಮುಂಗಾರಿ ಹೆಸರು ಬರಲಿ, ಹಿಂಗಾರಿ ಕಡಲೆ ಮನೆಗೆ ಸೇರಲಿ, ಶಿರಹಟ್ಟಿ ಫಕೀರೇಶ್ವರ ಜಾತ್ರೆ ಮುಗಿಯಲಿ. ತುರ್ತಿನ ಲಕ್ಷಣಗಳಿಲ್ಲದಿದ್ದರೆ ಇದರಲ್ಲಿ ತಪ್ಪಿಲ್ಲ, ಕಾಯುವ ದಿನಗಳಲ್ಲೇ ಎಷ್ಟೋ ಜನರ ನೋವು ಇಳಿದುಬಿಡುತ್ತದೆ. ಆದರೆ ಆಪರೇಷನ್ ಆದ ಮೇಲೆ ಯಾವ ಕೆಲಸಕ್ಕೆ ಮರಳುವುದು ಎಂಬುದನ್ನು ಮೊದಲೇ ಕೂತು ಮಾತಾಡಬೇಕು. ಎಪಿಎಂಸಿಯ ಆ ತಮ್ಮ ಮಾತಾಡಿದ್ದ. ಆಪರೇಷನ್ನಿಗೆ ಹೋಗುವ ಮುನ್ನವೇ ಅಡತಿ ಅಂಗಡಿಯ ಸಾಹುಕಾರರನ್ನು ಕಂಡು, ತೂಕದ ಕಾಟಾದ ಹತ್ತಿರ ಚೀಟಿ ಬರೆಯುವ ಕೆಲಸ ಗೊತ್ತುಮಾಡಿಕೊಂಡಿದ್ದ. ಕೂಲಿ ಕಡಿಮೆ. ಹೆಂಡತಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾಳೆ. ಹಂಗಾಮದಲ್ಲಿ ಹಳೆಯ ಜೊತೆಗಾರರು ಚೀಲ ಹೊರುವುದನ್ನು ನೋಡುತ್ತ ಕೂಡುವುದು ಕಷ್ಟವಾಗುತ್ತದೆ ಎಂದು ಒಮ್ಮೆ ಹೇಳಿದ.

ಈಗ ಟೊಂಕ ಹಿಡಿದ ಹಮಾಲರೆಲ್ಲ ಅವನ ಹತ್ತಿರವೇ ಬರುತ್ತಾರೆ. ಹೋದ ಸುಗ್ಗಿಯಲ್ಲಿ ನಾನು ಅಲ್ಲೇ ಇದ್ದಾಗ ಒಬ್ಬ ಹುಡುಗ ಕುಂಟುತ್ತ ಬಂದು, ‘ಅಣ್ಣಾ, ಮಾಡಸ್ಲ್ಯೋ ಬ್ಯಾಡೋ?’ ಎಂದು ಕೇಳಿದ. ಇವನು ಹೌದು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಚಪ್ಪಲಿ ಬಿಡಿಸಿ, ಉಳ್ಳಾಗಡ್ಡಿ ಚೀಲಗಳ ನಡುವೆ ಹಿಮ್ಮಡಿಯ ಮೇಲೆ ನಡೆಸಿದ. ಹೆಬ್ಬೆರಳು ಎತ್ತಿಸಿ ತನ್ನ ಕೈಯಿಂದ ಒತ್ತಿ ನೋಡಿದ. ಮಗ್ಗುಲಿಗೆ ಕರೆದು ಮೂತ್ರದ ಮಾತು ಕೇಳಿದ. ಎಷ್ಟು ವಾರವಾಯಿತು, ಮನೆಯಲ್ಲಿ ಇನ್ನೊಬ್ಬರು ದುಡಿಯುವವರಿದ್ದಾರೋ ಇಲ್ಲವೋ, ಕಾರ್ಡು ಯಾರ ಹೆಸರಿನಲ್ಲಿದೆ ಎಂದು ವಿಚಾರಿಸಿದ. ಆಮೇಲೆ ಹೇಳಿದ: ‘ಬೆರಳಿನ್ಯಾಗ ಬಲ ಐತಿ. ಇನ್ನಾ ಮೂರು ವಾರ ಆಗೈತಿ, ಅಂಜಬ್ಯಾಡ. ನಾಳೆ ದೊಡ್ಡ ದವಾಖಾನಿಗೆ ತೋರಸು, ಅವರೂ ನೋಡಲಿ. ಹೋಗುವಾಗ ಮಾವನ್ನ ಕರ್ಕೊಂಡು ಹೋಗಬ್ಯಾಡ, ಹೆಂಡ್ತೀನ ಕರ್ಕೊಂಡು ಹೋಗು. ಮನಿ ನಡಸಾಕಿ ಆಕಿ.’